ಎಂಜಿನ್ ನಿಂತ ಮೇಲಿನ ನಲವತ್ತು ಸೆಕೆಂಡು

ಸಣ್ಣ ವಿಮಾನ ಬಿದ್ದ ಸುದ್ದಿಯ ಬೆನ್ನಿಗೇ ‘ಎಂಜಿನ್ ವೈಫಲ್ಯವೇ ಕಾರಣ’ ಎಂಬ ಮಾತೂ ಬರುತ್ತದೆ. ಓದಿದವರು ಅಲ್ಲಿಗೆ ಪ್ರಶ್ನೆ ಮುಗಿಯಿತೆಂದು ಪುಟ ತಿರುವುತ್ತಾರೆ. ಯಂತ್ರ ಎಂದ ಮೇಲೆ ಕೆಡುತ್ತದೆ, ಕೆಟ್ಟರೆ ಮೇಲಿದ್ದದ್ದು ಕೆಳಗೆ ಬೀಳುತ್ತದೆ, ಅದರಲ್ಲಿ ವಿವರಿಸುವುದಕ್ಕೆ ಏನಿದೆ ಎಂಬ ಭಾವನೆ. ಆದರೆ ತನಿಖಾ ವರದಿಗಳನ್ನು ಓದುತ್ತ ಹೋದರೆ ಈ ಮಾತು ಎಷ್ಟು ಅರ್ಧಂಬರ್ಧ ಎಂಬುದು ಗೊತ್ತಾಗುತ್ತದೆ. ಎಂಜಿನ್ ನಿಂತ ವಿಮಾನಗಳಲ್ಲಿ ಎಷ್ಟೋ ಜನ ಬದುಕಿ ಬಂದಿದ್ದಾರೆ. ಎಂಜಿನ್ ನಿಂತದ್ದರಿಂದ ಸತ್ತರು ಎಂದುಕೊಂಡವರಲ್ಲಿ ಅನೇಕರು ಸತ್ತದ್ದು ಅದರಿಂದಲ್ಲ, ಆ ಮೇಲಿನ ಕೆಲವೇ ಸೆಕೆಂಡುಗಳಲ್ಲಿ ವಿಮಾನ ಹತೋಟಿ ತಪ್ಪಿದ್ದರಿಂದ. ಆ ಸೆಕೆಂಡುಗಳಲ್ಲಿ ಏನಾಗುತ್ತದೆ ಎಂಬುದಾದರೂ ಬಹುಪಾಲು ಮೊದಲೇ ನೆಲದ ಮೇಲೆ, ಶೆಡ್ಡಿನಲ್ಲಿ, ನಕ್ಷೆ ಬರೆಯುವವರ ಮೇಜಿನ ಮೇಲೆ, ತರಬೇತಿಯ ತರಗತಿಯಲ್ಲಿ ತೀರ್ಮಾನವಾಗಿರುತ್ತದೆ. ಈ ಲೇಖನದ ವಾದ ಇಷ್ಟೇ: ಎಂಜಿನ್ ನಿಲ್ಲುವುದು ಒಂದು ಘಟನೆ, ಅಪಘಾತ ಬೇರೆಯದೇ. ಎರಡನ್ನೂ ಒಂದೇ ಎಂದುಕೊಂಡಿರುವವರೆಗೆ ತಪ್ಪಿಸಬಹುದಾದ ಸಾವುಗಳು ನಮ್ಮ ಕಣ್ಣಿಗೆ ಬೀಳುವುದಿಲ್ಲ.

ಎಂಜಿನ್ ನಿಂತ ಕೂಡಲೆ ವಿಮಾನ ಕಲ್ಲಿನಂತೆ ಬೀಳುತ್ತದೆ ಎಂಬ ನಂಬಿಕೆಯಿಂದಲೇ ಶುರುಮಾಡೋಣ. ಹಾಗೆ ಬೀಳುವುದಿಲ್ಲ. ವಿಮಾನದ ಭಾರ ಹೊರುವುದು ರೆಕ್ಕೆ; ಅದರ ಮೇಲೂ ಕೆಳಗೂ ಗಾಳಿ ಸಾಕಷ್ಟು ವೇಗವಾಗಿ ಹರಿಯುತ್ತಿದ್ದರೆ ಸಾಕು. ಎಂಜಿನ್ ಮಾಡುವುದು ಆ ವೇಗವನ್ನು ಒದಗಿಸುವ ಕೆಲಸ. ಅದು ಕೈಕೊಟ್ಟಾಗ ವೇಗವನ್ನು ಎತ್ತರದಿಂದ ಪಡೆಯಬೇಕಾಗುತ್ತದೆ. ಘಾಟಿಯ ಇಳಿಜಾರಿನಲ್ಲಿ ಪೆಡಲ್ ತುಳಿಯದೆಯೇ ಸೈಕಲ್ ಓಡುವುದಿಲ್ಲವೇ, ಹಾಗೆ ವಿಮಾನದ ಮೂತಿಯನ್ನು ತುಸು ತಗ್ಗಿಸಿದರೆ ಅದು ಗಾಳಿಯಲ್ಲಿ ಜಾರುತ್ತ ಮುಂದೆ ಸಾಗುತ್ತದೆ. ಜಗತ್ತಿನಲ್ಲಿ ಅತಿ ಹೆಚ್ಚು ಸಂಖ್ಯೆಯಲ್ಲಿ ತಯಾರಾದ, ನಮ್ಮ ತರಬೇತಿ ಶಾಲೆಗಳಲ್ಲೂ ಕಾಣುವ ನಾಲ್ಕು ಆಸನದ ಸೆಸ್ನಾ 172ನ್ನೇ ತೆಗೆದುಕೊಳ್ಳಿ. ಎಂಜಿನ್ ನಿಂತಾಗ ಅದನ್ನು ಗಂಟೆಗೆ ಸುಮಾರು 120 ಕಿಲೋಮೀಟರ್ ವೇಗದಲ್ಲಿ ಇಟ್ಟುಕೊಂಡರೆ, ಇಳಿದ ಪ್ರತಿ ಒಂದು ಅಡಿಗೆ ಹೆಚ್ಚುಕಡಿಮೆ ಒಂಬತ್ತು ಅಡಿ ಮುಂದೆ ಹೋಗುತ್ತದೆ. ಮೂರು ಸಾವಿರ ಅಡಿ ಎತ್ತರದಲ್ಲಿದ್ದರೆ ಎಂಟು ಕಿಲೋಮೀಟರ್ ದೂರ, ಸುಮಾರು ನಾಲ್ಕು ನಿಮಿಷ ಕಾಲ ಪೈಲಟ್ ಕೈಯಲ್ಲಿರುತ್ತದೆ. ಆ ಹೊತ್ತಿನಲ್ಲಿ ಬಯಲು ಹುಡುಕಬಹುದು, ಇಂಧನದ ಟ್ಯಾಂಕ್ ಬದಲಿಸಿ ನೋಡಬಹುದು, ರೇಡಿಯೋದಲ್ಲಿ ತಿಳಿಸಬಹುದು. ಐನೂರು ಅಡಿಯಲ್ಲಿದ್ದರೆ ಸಿಗುವುದು ನಲವತ್ತು ಸೆಕೆಂಡು ಮಾತ್ರ.

ಈ ನಲವತ್ತು ಸೆಕೆಂಡಿನಲ್ಲೇ ಇರುವುದು ಅಪಾಯದ ತಿರುಳು. ರನ್‌ವೇಯಿಂದ ಈಗಷ್ಟೇ ಮೇಲೆದ್ದಾಗ ಎಂಜಿನ್ ಸದ್ದಡಗಿದರೆ ಮನುಷ್ಯನ ಮನಸ್ಸು ಹಿಂದೆ ಬಿಟ್ಟುಬಂದ ರನ್‌ವೇ ಕಡೆಗೇ ಎಳೆಯುತ್ತದೆ. ಎದುರಿಗೆ ಮನೆ, ಮರ, ಗೊತ್ತಿಲ್ಲದ ನೆಲ. ಹಿಂದೆ ಗೊತ್ತಿರುವ, ನುಣುಪಾದ ಟಾರು. ಆದರೆ ಹಿಂತಿರುಗುವುದು ಎಂದರೆ ಅರ್ಧ ಸುತ್ತು ಹಾಕಿದರೆ ಮುಗಿಯುವುದಿಲ್ಲ. ತಿರುಗುವಷ್ಟರಲ್ಲಿ ವಿಮಾನ ಪಕ್ಕಕ್ಕೆ ಸರಿದಿರುತ್ತದೆ, ಮತ್ತೆ ರನ್‌ವೇಯ ಸಾಲಿಗೆ ಬರಲು ಇನ್ನಷ್ಟು ತಿರುಗಬೇಕು. ತಿರುಗಲು ಒಂದು ಬದಿಗೆ ವಾಲಬೇಕು. ವಾಲಿದಷ್ಟೂ ರೆಕ್ಕೆಯ ಮೇಲಿನ ಹೊರೆ ಹೆಚ್ಚುತ್ತದೆ, ಜೊತೆಗೆ ತೇಲಿ ನಿಲ್ಲಲು ಬೇಕಾದ ಕನಿಷ್ಠ ವೇಗವೂ ಏರುತ್ತದೆ: 45 ಡಿಗ್ರಿ ವಾಲಿದರೆ ಶೇ 19ರಷ್ಟು, 60 ಡಿಗ್ರಿ ವಾಲಿದರೆ ಶೇ 41ರಷ್ಟು. ನೆಲ ಹತ್ತಿರವಾಗುತ್ತಿರುವುದನ್ನು ಕಂಡ ಕೈ ತಾನಾಗಿ ಮೂತಿಯನ್ನು ಮೇಲಕ್ಕೆತ್ತುತ್ತದೆ, ಎತ್ತಿದಂತೆ ವೇಗ ಇನ್ನೂ ಕುಸಿಯುತ್ತದೆ. ಒಂದು ಹಂತದಲ್ಲಿ ರೆಕ್ಕೆಯ ಮೇಲ್ಮೈಗೆ ಅಂಟಿಕೊಂಡು ಹರಿಯುತ್ತಿದ್ದ ಗಾಳಿ ಕಿತ್ತುಕೊಂಡು ಹೋಗುತ್ತದೆ. ವೈಮಾನಿಕರು ಇದನ್ನು ‘ಸ್ಟಾಲ್’ ಎನ್ನುತ್ತಾರೆ. ರಸ್ತೆಯಲ್ಲಿ ಕಾರು ಸ್ಟಾಲ್ ಆಯಿತು ಎಂದರೆ ಎಂಜಿನ್ ನಿಂತಿತು ಎಂದರ್ಥ. ಆಕಾಶದಲ್ಲಿ ಸ್ಟಾಲ್ ಆಗುವುದು ರೆಕ್ಕೆ, ಎಂಜಿನ್ ಅಬ್ಬರಿಸುತ್ತಿದ್ದಾಗಲೂ ಅದು ಆಗಬಹುದು. ಪತ್ರಿಕೆಗಳಲ್ಲಿ ಈ ಎರಡೂ ಕಲಸಿಹೋಗುವುದುಂಟು. ವಾಲಿದ ಸ್ಥಿತಿಯಲ್ಲಿ ಒಂದು ರೆಕ್ಕೆ ಮೊದಲು ಸೋತರೆ ವಿಮಾನ ಮಗುಚಿ ಗಿರಗಿರನೆ ಸುತ್ತುತ್ತ ಇಳಿಯುತ್ತದೆ. ಎರಡು ಮೂರು ಸಾವಿರ ಅಡಿ ಎತ್ತರವಿದ್ದರೆ ಅದನ್ನು ಸರಿಪಡಿಸಬಹುದು, ಮುನ್ನೂರು ಅಡಿಯಲ್ಲಿ ಸಾಧ್ಯವಿಲ್ಲ. ತರಬೇತಿ ಪುಸ್ತಕಗಳು ದಶಕಗಳಿಂದ ಒಂದೇ ಪಾಠ ಹೇಳುತ್ತ ಬಂದಿವೆ: ಕೆಳಮಟ್ಟದಲ್ಲಿ ಎಂಜಿನ್ ನಿಂತರೆ ಮೂತಿ ತಗ್ಗಿಸು, ವೇಗ ಉಳಿಸಿಕೋ, ಎದುರಿಗಿರುವ ನೆಲದಲ್ಲೇ ಇಳಿ.

2015ರ ಮಾರ್ಚ್ 5ರಂದು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ನಡೆದದ್ದನ್ನು ಈ ಬೆಳಕಿನಲ್ಲಿ ನೋಡಬೇಕು. ಹಾಲಿವುಡ್ ನಟ ಹ್ಯಾರಿಸನ್ ಫೋರ್ಡ್ ಸಾಂಟಾ ಮೋನಿಕಾದ ರನ್‌ವೇಯಿಂದ ಎರಡನೇ ಮಹಾಯುದ್ಧದ ಕಾಲದ ರಯಾನ್ ತರಬೇತಿ ವಿಮಾನವನ್ನು ಒಬ್ಬರೇ ಹಾರಿಸಿಕೊಂಡು ಮೇಲೇರುತ್ತಿದ್ದಾಗ ಎಂಜಿನ್ ಪೂರ್ತಿ ಶಕ್ತಿ ಕಳೆದುಕೊಂಡಿತು. ಅವರಿಗಾಗ 72 ವರ್ಷ. ಅವರೂ ಮೊದಲು ರನ್‌ವೇ ಕಡೆಗೇ ತಿರುಗಲು ಹೊರಟರು. ಆದರೆ ತಲುಪುವುದಿಲ್ಲ ಎಂಬುದು ಅರಿವಾದ ಕೂಡಲೆ ಆ ಆಸೆ ಬಿಟ್ಟು ಪಕ್ಕದ ಪೆನ್ಮಾರ್ ಗಾಲ್ಫ್ ಮೈದಾನವನ್ನು ಆರಿಸಿಕೊಂಡರು. ಎತ್ತರದ ಮರವೊಂದರ ತುದಿಗೆ ತಗುಲಿ ವಿಮಾನ ಹುಲ್ಲಿನ ಮೇಲೆ ಅಪ್ಪಳಿಸಿತು. ತೀವ್ರ ಗಾಯಗಳಾದವು, ಜೀವ ಉಳಿಯಿತು, ನೆಲದ ಮೇಲಿದ್ದ ಯಾರಿಗೂ ಏನೂ ಆಗಲಿಲ್ಲ. ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ ಎಂಜಿನ್ ಬಿಚ್ಚಿ ನೋಡಿದಾಗ ಕಾರ್ಬ್ಯುರೇಟರಿನ ಮುಖ್ಯ ಜೆಟ್ ತನ್ನ ಜಾಗದಿಂದ ಸಡಿಲಗೊಂಡು ಕಳಚಿಬಂದಿತ್ತು. ಹಳೆಯ ಬೈಕ್ ಇಟ್ಟುಕೊಂಡವರಿಗೆ ಈ ಜೆಟ್ ಗೊತ್ತು. ಗಾಳಿಯೊಂದಿಗೆ ಎಷ್ಟು ಪೆಟ್ರೋಲ್ ಬೆರೆಯಬೇಕೆಂದು ಅಳೆದುಕೊಡುವ, ನಡುವೆ ಸಣ್ಣ ತೂತಿರುವ ತಿರುಪು. ಅದು ಕಳಚಿದ್ದರಿಂದ ಇಂಧನ ಮಿತಿಮೀರಿ ಸುರಿದು ಎಂಜಿನ್ ಉಸಿರುಗಟ್ಟಿತು. ಆ ಕಾರ್ಬ್ಯುರೇಟರನ್ನು ಕೊನೆಯ ಬಾರಿ ಬಿಚ್ಚಿ ಹೊಸದಾಗಿ ಜೋಡಿಸಿದ್ದು ಅಪಘಾತಕ್ಕೆ ಸುಮಾರು 17 ವರ್ಷ ಮೊದಲು. ವರದಿಯಲ್ಲಿ ಇನ್ನೊಂದು ಮಾತೂ ಇದೆ, ಸುದ್ದಿಯಲ್ಲಿ ಅದು ಅಷ್ಟಾಗಿ ಕಾಣಲಿಲ್ಲ: ಭುಜದ ಬೆಲ್ಟನ್ನು ಸರಿಯಾದ ಕ್ರಮದಲ್ಲಿ ಜೋಡಿಸಿರಲಿಲ್ಲ, ಗಾಯಗಳು ಅಷ್ಟು ತೀವ್ರವಾಗಲು ಅದೂ ಕಾರಣ.

ಬೆಲ್ಟಿನ ಮಾತು ಚಿಲ್ಲರೆ ವಿಷಯವಲ್ಲ. ಹತೋಟಿಯಲ್ಲಿರುವ ವಿಮಾನ ಒರಟು ನೆಲದಲ್ಲಿ ಇಳಿದರೂ ಒಳಗಿದ್ದವರು ಬದುಕುವ ಸಾಧ್ಯತೆ ಏಕೆ ಹೆಚ್ಚು ಎಂಬುದಕ್ಕೆ ಸರಳ ಲೆಕ್ಕವಿದೆ. ಬೆಲ್ಟಿನಿಂದ ಭದ್ರವಾಗಿ ಬಿಗಿದ ದೇಹ ತನ್ನ ತೂಕದ ಒಂಬತ್ತು ಪಟ್ಟು ಒತ್ತಡವನ್ನು ಕ್ಷಣಕಾಲ ತಡೆಯಬಲ್ಲದು. ಅಷ್ಟೇ ಒತ್ತಡದಲ್ಲಿ ಗಂಟೆಗೆ 80 ಕಿಲೋಮೀಟರ್ ವೇಗದ ವಿಮಾನ ನಿಲ್ಲಲು ಮೂರು ಮೀಟರಿಗೂ ಕಡಿಮೆ ಜಾಗ ಸಾಕು. ವೇಗ 160 ಆದರೆ ಬೇಕಾದ ಜಾಗ ನಾಲ್ಕು ಪಟ್ಟು. ಹೀಗಾಗಿ ಕಬ್ಬಿನ ಗದ್ದೆಯೋ ಬೇಲಿಯ ಪೊದೆಯೋ ರೆಕ್ಕೆಯನ್ನು ಚಿಂದಿ ಮಾಡಿದರೂ ಪರವಾಗಿಲ್ಲ, ಅವು ವೇಗವನ್ನು ನುಂಗಿ ಮನುಷ್ಯನನ್ನು ಉಳಿಸುತ್ತವೆ. ಬೆಳಗಾವಿಯ ಸಾಂಬ್ರಾ ಬಳಿ 2023ರ ಮೇ 30ರಂದು ತಾಂತ್ರಿಕ ತೊಂದರೆಗೆ ಸಿಕ್ಕ ತರಬೇತಿ ವಿಮಾನವೊಂದು ಹೊನ್ನಿಹಾಳದ ಹೊಲದಲ್ಲಿ ಇಳಿದಾಗ ಒಳಗಿದ್ದ ಇಬ್ಬರೂ ಬದುಕಿದರು. ವಿಮಾನವನ್ನು ಉಳಿಸಲು ಹೋಗಬೇಡ, ಮನುಷ್ಯನನ್ನು ಉಳಿಸು ಎಂದು ಬೋಧಕರು ಹೇಳುವುದು ಇದಕ್ಕೇ.

ಇದರ ಪಕ್ಕದಲ್ಲಿ 1997ರ ಅಕ್ಟೋಬರ್ 12ರ ಘಟನೆಯನ್ನಿಟ್ಟು ನೋಡಿ. ಅದೂ ಕ್ಯಾಲಿಫೋರ್ನಿಯಾದ ಕಡಲ ತೀರದಲ್ಲೇ ನಡೆದದ್ದು. ಹೆಸರಾಂತ ಗಾಯಕ ಜಾನ್ ಡೆನ್ವರ್ 2,700 ಗಂಟೆಗೂ ಮೀರಿ ಹಾರಿದ್ದ ಅನುಭವಿ. ಹೊಸದಾಗಿ ಕೊಂಡಿದ್ದ, ಒಬ್ಬ ಹವ್ಯಾಸಿ ಮನೆಯಲ್ಲೇ ಕಟ್ಟಿದ್ದ ಲಾಂಗ್-ಈಝಡ್ ಎಂಬ ಪುಟ್ಟ ವಿಮಾನದಲ್ಲಿ ಅವರು ಮಾಂಟೆರೆ ನಿಲ್ದಾಣದಿಂದ ಮೇಲೆದ್ದರು. ಟ್ಯಾಂಕಿನಲ್ಲಿ ಇಂಧನ ಕಡಿಮೆಯಿತ್ತು, ತುಂಬಿಸಿಕೊಳ್ಳಲಿಲ್ಲ. ಆ ವಿಮಾನಕ್ಕೆ ಎರಡು ಟ್ಯಾಂಕ್. ಒಂದರಿಂದ ಇನ್ನೊಂದಕ್ಕೆ ಬದಲಿಸುವ ಹಿಡಿ ಇದ್ದದ್ದು ಪೈಲಟ್‌ನ ಎಡಭುಜದ ಹಿಂದೆ. ಮೂಲ ವಿನ್ಯಾಸದಲ್ಲಿ ಅದು ಅಲ್ಲಿರಲಿಲ್ಲ, ಕಟ್ಟಿದವರು ಬದಲಿಸಿದ್ದರು. ಹಳೆಯ ಬೈಕು ಓಡಿಸಿದವರು ಇದನ್ನು ಊಹಿಸಿಕೊಳ್ಳಬಹುದು: ಓಡುತ್ತಿರುವಾಗ ಎಂಜಿನ್ ಕೆಮ್ಮತೊಡಗಿದರೆ ಎಡಗೈ ತಾನಾಗಿ ಟ್ಯಾಂಕಿನ ಕೆಳಗೆ ಹೋಗಿ ‘ರಿಸರ್ವ್’ಗೆ ತಿರುಗಿಸುತ್ತದೆ. ಆ ನಲ್ಲಿಯನ್ನು ಯಾರಾದರೂ ಹಿಂದಿನ ಸೀಟಿನ ಬೆನ್ನಿಗೆ ಜೋಡಿಸಿದ್ದರೆ ಏನಾಗುತ್ತಿತ್ತು? ತನಿಖೆಗಾರರು ಅದೇ ಬಗೆಯ ವಿಮಾನದಲ್ಲಿ ಕೂತು ಪರೀಕ್ಷಿಸಿದರು. ಆ ಹಿಡಿಯನ್ನು ತಿರುಗಿಸಬೇಕಾದರೆ ಬಲಗೈಯನ್ನು ಕಂಟ್ರೋಲಿನಿಂದ ತೆಗೆದು ಮೈಯನ್ನು ಪೂರ್ತಿ ಎಡಕ್ಕೆ ಹೊರಳಿಸಬೇಕಿತ್ತು. ಹಾಗೆ ಹೊರಳುವಾಗ ಆಸರೆಗೆಂದು ಬಲಗಾಲು ತಾನಾಗಿ ಬಲಬದಿಯ ರಡ್ಡರ್ ಪೆಡಲನ್ನು, ಅಂದರೆ ಮೂತಿಯನ್ನು ಬಲಕ್ಕೆ ಹೊರಳಿಸುವ ಪೆಡಲನ್ನು, ಒತ್ತುತ್ತಿತ್ತು. ಡೆನ್ವರ್ ಆಗ ಇದ್ದದ್ದು ಐನೂರು ಅಡಿಯ ಆಸುಪಾಸಿನಲ್ಲಿ ಅಥವಾ ಅದಕ್ಕೂ ಕೆಳಗೆ. ಎಂಜಿನ್ ಸದ್ದು ಕ್ಷೀಣಿಸಿದ್ದನ್ನು ಕೇಳಿದ ಸಾಕ್ಷಿಗಳಿದ್ದರು. ವಿಮಾನ ಬಲಕ್ಕೆ ತಿರುಚಿಕೊಂಡು ಕಡಲಿಗೆ ಬಿತ್ತು. ಆ ವಿಮಾನ ಎಂಜಿನ್ ಇಲ್ಲದೆಯೂ ಚೆನ್ನಾಗಿ ಜಾರಿ ಇಳಿಯಬಲ್ಲದ್ದು ಎಂಬುದು ಈ ಸಾವನ್ನು ಇನ್ನಷ್ಟು ನೋವಿನದ್ದಾಗಿಸುತ್ತದೆ. ಗಮನ ಹಾರಾಟದಿಂದ ಸರಿದು ಹಿಡಿಯ ಮೇಲೆ ಹೋದದ್ದು ಮತ್ತು ಅರಿವಿಲ್ಲದೆ ಪೆಡಲ್ ಒತ್ತಿದ್ದು ಸಾವಿಗೆ ಕಾರಣ ಎಂದು ಮಂಡಳಿ ಹೇಳಿತು. ಗುರುತು ಹಾಕದ, ಕೈಗೆಟುಕದ ಜಾಗದಲ್ಲಿದ್ದ ಆ ಹಿಡಿ, ಅಳತೆಯ ಗುರುತುಗಳಿಲ್ಲದ ಇಂಧನ ಮಾಪಕ, ಹಾರುವ ಮೊದಲು ಇಂಧನದ ಲೆಕ್ಕ ಹಾಕದಿದ್ದದ್ದು, ಇವನ್ನೂ ಅದೇ ವರದಿ ಹೊಣೆ ಮಾಡಿತು.

ಡೆನ್ವರ್ ಪ್ರಕರಣ ಅಪರೂಪದ್ದಲ್ಲ. ಎಂಜಿನ್ ನಿಂತಿತು ಎಂದ ಕೂಡಲೆ ಮುರಿದ ಪಿಸ್ಟನ್, ಸಿಡಿದ ಸಿಲಿಂಡರು ನೆನಪಾಗುತ್ತವೆ. ಅಂಥವೂ ಆಗುತ್ತವೆ. ಆದರೆ ಈ ಎಂಜಿನ್‌ಗಳು ಹಳೆಯ ಕಾಲದ, ಗಟ್ಟಿಮುಟ್ಟಾದ ಯಂತ್ರಗಳು. ಪ್ರತಿ ಸಿಲಿಂಡರಿಗೆ ಎರಡು ಸ್ಪಾರ್ಕ್ ಪ್ಲಗ್, ಅವುಗಳಿಗೆ ಕಿಡಿಯ ವಿದ್ಯುತ್ತನ್ನು ತಾವೇ ಹುಟ್ಟಿಸುವ ಬೇರೆ ಬೇರೆ ಎರಡು ಮ್ಯಾಗ್ನೆಟೊ; ಒಂದು ಕೆಟ್ಟರೆ ಇನ್ನೊಂದು ಓಡಿಸುತ್ತದೆ, ಬ್ಯಾಟರಿ ಸತ್ತರೂ ನಿಲ್ಲುವುದಿಲ್ಲ. ಇಂಥ ಯಂತ್ರಕ್ಕೂ ಪೆಟ್ರೋಲ್ ಬೇಕಲ್ಲ! 2011ರಿಂದ 2015ರವರೆಗೆ ಅಮೆರಿಕದಲ್ಲಿ ಇಂಧನದ ಲೆಕ್ಕ ತಪ್ಪಿ ವರ್ಷಕ್ಕೆ ಸರಾಸರಿ ಐವತ್ತಕ್ಕೂ ಹೆಚ್ಚು ವಿಮಾನಗಳು ಅಪಘಾತಕ್ಕೀಡಾದವು ಎಂದು ಅದೇ ಸುರಕ್ಷತಾ ಮಂಡಳಿ 2017ರಲ್ಲಿ ಎಚ್ಚರಿಸಿತು. ಅವುಗಳಲ್ಲಿ ಶೇ 95ರಲ್ಲಿ ಕಾರಣ ಮನುಷ್ಯರು, ಉಪಕರಣವಲ್ಲ. ಕಲಿಯುವವರ ಪಾಲು ಕೇವಲ ಶೇ 2. ಸುಮಾರು ಅರ್ಧದಷ್ಟು ಮಂದಿ ವೃತ್ತಿಪರ ಪರವಾನಗಿ ಪಡೆದವರು. ಕಲಿಯುವವರು ಹೆದರಿಕೆಯಿಂದ ಟ್ಯಾಂಕಿಗೆ ಕಡ್ಡಿ ಇಳಿಸಿ ನೋಡುತ್ತಾರೆ, ಪಳಗಿದವರು ಮಾಪಕದ ಮುಳ್ಳನ್ನು ನಂಬುತ್ತಾರೆ ಎಂದು ನಾನು ಇದನ್ನು ಅರ್ಥಮಾಡಿಕೊಳ್ಳುತ್ತೇನೆ. ಇನ್ನೊಂದು ಕಾರಣ ನಮ್ಮಂಥ ಮಳೆನಾಡಿಗೆ ಹೆಚ್ಚು ಸಂಬಂಧಿಸಿದ್ದು. ಕಾರ್ಬ್ಯುರೇಟರಿನೊಳಗೆ ಗಾಳಿ ಹಿಗ್ಗಿ, ಪೆಟ್ರೋಲ್ ಆವಿಯಾಗುವಾಗ ಉಷ್ಣತೆ ಮೂವತ್ತು ಡಿಗ್ರಿಗೂ ಹೆಚ್ಚು ಇಳಿಯಬಹುದು. ಹೊರಗೆ 20–25 ಡಿಗ್ರಿ ಹಿತವಾದ ಹವೆ ಇದ್ದರೂ ಗಾಳಿಯಲ್ಲಿ ತೇವ ಹೆಚ್ಚಿದ್ದರೆ ಒಳಗೆ ಮಂಜುಗಡ್ಡೆ ಕಟ್ಟಿ ಎಂಜಿನ್ ಉಸಿರಾಟ ನಿಲ್ಲುತ್ತದೆ. ಬಿಸಿಗಾಳಿ ಬಿಡುವ ಒಂದು ಗುಂಡಿಯನ್ನು ಸಕಾಲದಲ್ಲಿ ಎಳೆದರೆ ಅದು ಕರಗುತ್ತದೆ. ತಡವಾದರೆ ಬಿಸಿ ಒದಗಿಸುವ ಎಂಜಿನ್ನೇ ತಣ್ಣಗಾಗಿರುತ್ತದೆ. ಆಮೇಲೆ ತನಿಖೆಗೆ ಸಾಕ್ಷ್ಯವೂ ಉಳಿಯುವುದಿಲ್ಲ, ಮಂಜು ನೀರಾಗಿ ಆರಿಹೋಗಿರುತ್ತದೆ. ಇಂಧನಕ್ಕೆ ನೀರು ಸೇರುವುದೂ ಉಂಟು. ಹಾರುವ ಮೊದಲು ಟ್ಯಾಂಕಿನ ತಳದಿಂದ ಪಾರದರ್ಶಕ ಲೋಟದಲ್ಲಿ ಸ್ವಲ್ಪ ಇಂಧನ ಹಿಡಿದು, ಅದರ ನೀಲಿ ಬಣ್ಣ ನೋಡಿ, ಅಡಿಯಲ್ಲಿ ನೀರು ನಿಂತಿದೆಯೇ ಎಂದು ಪರೀಕ್ಷಿಸುವ ನಿಯಮ ಅದಕ್ಕಾಗಿಯೇ ಇದೆ.

ಹಾಗಾದರೆ ಎಲ್ಲ ತಪ್ಪನ್ನೂ ಪೈಲಟ್ ತಲೆಗೆ ಕಟ್ಟುತ್ತಿದ್ದೀರಾ, ಸತ್ತವರು ಬಂದು ಉತ್ತರ ಕೊಡಲಾರರಲ್ಲ ಎಂದು ಯಾರಾದರೂ ಆಕ್ಷೇಪಿಸಬಹುದು. ಆಕ್ಷೇಪ ನ್ಯಾಯವಾದದ್ದು, ಆದರೆ ನನ್ನ ವಾದ ಅದಲ್ಲ. ಡೆನ್ವರ್ ವಿಮಾನದ ಹಿಡಿಯನ್ನು ಭುಜದ ಹಿಂದೆ ಇಟ್ಟದ್ದು ಡೆನ್ವರ್ ಅಲ್ಲ. ಕೊನೆಯ ನಲವತ್ತು ಸೆಕೆಂಡಿನ ಹಿಂದೆ ವರ್ಷಗಳ ತೀರ್ಮಾನಗಳು ನಿಂತಿರುತ್ತವೆ. ಇದಕ್ಕೆ ನಮ್ಮ ನೆಲದಲ್ಲೇ ನೋವಿನ ಸಾಕ್ಷಿಯಿದೆ. ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯ ವಿನ್ಯಾಸ ಮಾಡಿದ 14 ಆಸನದ ‘ಸರಸ್’ ವಿಮಾನದ ಎರಡನೇ ಮಾದರಿ 2009ರ ಮಾರ್ಚ್ 6ರಂದು ಬಿಡದಿ ಹತ್ತಿರದ ಶೇಷಗಿರಿಹಳ್ಳಿಯ ಬಳಿ ಬಿದ್ದು ವಾಯುಪಡೆಯ ಇಬ್ಬರು ಪರೀಕ್ಷಾ ಪೈಲಟ್‌ಗಳೂ ಒಬ್ಬ ಪರೀಕ್ಷಾ ಎಂಜಿನಿಯರೂ ತೀರಿಕೊಂಡರು. ಅಲ್ಲಿ ಎಂಜಿನ್ ಆಕಸ್ಮಿಕವಾಗಿ ನಿಂತಿರಲಿಲ್ಲ. ಒಂದು ಎಂಜಿನ್‌ನ್ನು ಬೇಕೆಂದೇ ಆಕಾಶದಲ್ಲಿ ನಿಲ್ಲಿಸಿ ಮತ್ತೆ ಚಾಲೂ ಮಾಡುವ ಪರೀಕ್ಷೆ ಅದು. ಇನ್ನೊಂದು ಎಂಜಿನ್ ಓಡುತ್ತಿತ್ತು, ಒಳಗಿದ್ದವರು ದೇಶದ ನುರಿತ ಕೈಗಳು. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ತನಿಖೆ ತಪ್ಪನ್ನು ಕಂಡದ್ದು ಮುಖ್ಯವಾಗಿ ಮರುಚಾಲನೆಯ ವಿಧಾನದಲ್ಲಿ: ವಿನ್ಯಾಸಕರು ರೂಪಿಸಿಕೊಟ್ಟ ಕ್ರಮವೇ ಸರಿಯಿರಲಿಲ್ಲ, ಅದನ್ನು ಸಾಲದಷ್ಟು ಎತ್ತರದಲ್ಲಿ ಪ್ರಯೋಗಿಸಲಾಯಿತು, ವಿಮಾನ ವೇಗವಾಗಿ ಎತ್ತರ ಕಳೆದುಕೊಂಡು ಹತೋಟಿ ತಪ್ಪಿತು. ಪ್ರೊಪೆಲರ್ ತಯಾರಕರನ್ನು ವಿಚಾರಿಸದೆ ಆ ವಿಧಾನ ಸಿದ್ಧಪಡಿಸಲಾಗಿತ್ತು ಎಂಬುದೂ ವರದಿಯಲ್ಲಿದೆ. ಮೂವರು ಧೀರರ ಜೀವ ನೆಲದ ಮೇಲಿನ ಒಂದು ಕಾಗದದ ಜೊತೆ ಕಟ್ಟಿಹೋಗಿತ್ತು.

ಎರಡು ಎಂಜಿನ್ ಇದ್ದರೆ ಒಂದು ನಿಂತರೂ ಚಿಂತೆಯಿಲ್ಲವಲ್ಲ ಎಂಬ ಇನ್ನೊಂದು ಆಕ್ಷೇಪಕ್ಕೂ ಸರಸ್ ಪ್ರಕರಣವೇ ಅರ್ಧ ಉತ್ತರ. ಎರಡು ಎಂಜಿನ್‌ನ ವಿಮಾನದಲ್ಲಿ ಒಂದು ನಿಂತಾಗ ಇನ್ನೊಂದು ವಿಮಾನವನ್ನು ಒಂದೇ ಬದಿಗೆ ತಿರುಚುತ್ತದೆ, ವೇಗ ಒಂದು ಮಿತಿಗಿಂತ ಇಳಿದರೆ ಆ ತಿರುಚನ್ನು ಹಿಡಿದಿಡಲು ಬಾಲದ ರಡ್ಡರಿಗೆ ಬಲ ಸಾಲದು. ಮೇಲಾಗಿ ನಿಂತದ್ದು ಯಾವುದು, ಓಡುತ್ತಿರುವುದು ಯಾವುದು ಎಂದು ಗುರುತಿಸುವಲ್ಲಿಯೂ ತಪ್ಪಾಗುತ್ತದೆ. 2015ರ ಫೆಬ್ರುವರಿ 4ರಂದು ತೈವಾನಿನ ತೈಪೆಯಲ್ಲಿ ಟ್ರಾನ್ಸ್ಏಷ್ಯಾ ಕಂಪನಿಯ ಎಟಿಆರ್ ಪ್ರಯಾಣಿಕ ವಿಮಾನದ ಬಲ ಎಂಜಿನ್ ಶಕ್ತಿ ಕಳೆದುಕೊಂಡಾಗ ಪೈಲಟ್ ಚೆನ್ನಾಗಿ ಓಡುತ್ತಿದ್ದ ಎಡ ಎಂಜಿನ್‌ನ್ನು ನಿಲ್ಲಿಸಿದರು. 58 ಜನರಲ್ಲಿ 43 ಮಂದಿ ಸತ್ತರು. ಅದು ದೊಡ್ಡ ವಿಮಾನ, ಆದರೆ ಪಾಠ ಒಂದೇ. ಇನ್ನು ಸಿರಸ್ ಕಂಪನಿಯ ಸಣ್ಣ ವಿಮಾನಗಳಲ್ಲಿ ಇಡೀ ವಿಮಾನವನ್ನೇ ತೂಗಿ ಇಳಿಸುವ ಪ್ಯಾರಾಚೂಟ್ ಬಂದಿದೆ. ಅದು ಅನೇಕರ ಜೀವ ಉಳಿಸಿದೆ, ಅದರ ಬಗ್ಗೆ ಗೌರವವಿದೆ. ಆದರೆ ಅದು ಬಿಚ್ಚಿಕೊಳ್ಳಲೂ ನೂರಾರು ಅಡಿ ಎತ್ತರ ಬೇಕು, ಹಿಡಿಯನ್ನು ಎಳೆಯುವ ನಿರ್ಧಾರ ಆ ಎತ್ತರ ಕರಗುವ ಮೊದಲು ಆಗಬೇಕು. ಉಪಕರಣ ಹೊಸದು, ಸಮಸ್ಯೆ ಹಳೆಯದೇ: ಸೆಕೆಂಡುಗಳಲ್ಲಿ ಮಾಡಬೇಕಾದ ಆಯ್ಕೆಯನ್ನು ಮೊದಲೇ ಮಾಡಿಟ್ಟುಕೊಂಡಿರಬೇಕು.

ರನ್‌ವೇಗೆ ಹಿಂತಿರುಗಿ ಕ್ಷೇಮವಾಗಿ ಇಳಿದವರೂ ಇದ್ದಾರಲ್ಲ ಎಂದು ಅನುಭವಿಗಳೇ ಕೇಳುತ್ತಾರೆ. ಇದ್ದಾರೆ, ನಿಜ. ಎತ್ತರ ಸಾಕಷ್ಟಿದ್ದರೆ, ತನ್ನ ವಿಮಾನ ಆ ತಿರುವಿಗೆ ಎಷ್ಟು ಎತ್ತರ ತಿನ್ನುತ್ತದೆ ಎಂದು ಬೋಧಕರ ಜೊತೆ ಸುರಕ್ಷಿತ ಎತ್ತರದಲ್ಲಿ ಅಳೆದು ನೋಡಿದ್ದರೆ ಹಿಂತಿರುಗುವುದು ತಪ್ಪಲ್ಲ. ತಪ್ಪೆಂದರೆ ಅಳೆಯದೆ ಆ ಕ್ಷಣದಲ್ಲಿ ನಿರ್ಧರಿಸುವುದು. ‘ಇಷ್ಟು ಅಡಿಯ ಒಳಗೆ ಎಂಜಿನ್ ನಿಂತರೆ ಹಿಂತಿರುಗುವುದಿಲ್ಲ, ಎದುರಿನ ಆ ಬಯಲಿಗೆ ಇಳಿಯುತ್ತೇನೆ’ ಎಂದು ಪ್ರತಿ ಹಾರಾಟಕ್ಕೂ ಮೊದಲು ಬಾಯಿಬಿಟ್ಟು ಹೇಳಿಕೊಳ್ಳುವ ಪದ್ಧತಿ ಈ ಕಾರಣಕ್ಕೇ ಇದೆ. ಆದರೆ ಆ ಬಯಲು ಎಲ್ಲಿದೆ? ಬೆಂಗಳೂರಿನ ಜಕ್ಕೂರಿನಲ್ಲಿ ಸರ್ಕಾರಿ ವೈಮಾನಿಕ ತರಬೇತಿ ಶಾಲೆ ಶುರುವಾದಾಗ ಸುತ್ತ ಇದ್ದದ್ದು ಹೊಲ, ಕೆರೆ, ತೋಪು. ಇಂದು ಅಲ್ಲಿ ಅಪಾರ್ಟ್‌ಮೆಂಟುಗಳು, ಪಕ್ಕದಲ್ಲೇ ವಿಮಾನ ನಿಲ್ದಾಣದ ಎತ್ತರಿಸಿದ ರಸ್ತೆ. ಎದುರಿಗೆ ಇಳಿ ಎಂಬ ಪಾಠವನ್ನು ಪಾಲಿಸಲು ಎದುರಿಗೆ ನೆಲವಿರಬೇಕು. ಹಾರಾಟದ ಹಾದಿಯಲ್ಲಿ ಉಳಿದಿರುವ ಖಾಲಿ ಜಾಗವನ್ನು ಖಾಲಿಯಾಗಿಯೇ ಬಿಡುವುದು ಪೈಲಟ್‌ಗಳಿಗೆ ಮಾತ್ರವಲ್ಲ, ಕೆಳಗೆ ಮಲಗುವವರಿಗೂ ರಕ್ಷೆ. ಕಟ್ಟಡಕ್ಕೆ ಅನುಮತಿ ಕೊಡುವ ಕಚೇರಿಗಳಿಗೆ ಇದು ವಿಮಾನ ಸುರಕ್ಷತೆಯ ವಿಷಯ ಎಂದು ಅನಿಸಿರುವಂತೆ ಕಾಣುವುದಿಲ್ಲ. ಅನಿಸಬೇಕು.

ಮಗಳೋ ಮಗನೋ ಪೈಲಟ್ ಆಗಬೇಕೆಂದು ಹೊಲ ಮಾರಿ, ಸಾಲ ಮಾಡಿ ಲಕ್ಷಾಂತರ ರೂಪಾಯಿ ಕಟ್ಟುವ ಕುಟುಂಬಗಳು ಕರ್ನಾಟಕದ ಊರೂರಲ್ಲೂ ಇವೆ. ವೃತ್ತಿ ಪರವಾನಗಿಗೆ ನಮ್ಮ ದೇಶದಲ್ಲಿ ಇನ್ನೂರು ಗಂಟೆ ಹಾರಬೇಕು. ಆ ಇನ್ನೂರು ಗಂಟೆ ಎಷ್ಟು ತಿಂಗಳಲ್ಲಿ ಮುಗಿಯುತ್ತದೆ, ಶುಲ್ಕ ಎಷ್ಟು ಎಂದು ಎಲ್ಲರೂ ವಿಚಾರಿಸುತ್ತಾರೆ. ಶಾಲೆಯ ಬಾಗಿಲಲ್ಲಿ ನಿಂತಾಗ ಇನ್ನೂ ಕೆಲವು ಪ್ರಶ್ನೆ ಕೇಳಿ. ಆ ಗಂಟೆಗಳಲ್ಲಿ ಎಂಜಿನ್ ನಿಂತಾಗಿನ ಅಭ್ಯಾಸಕ್ಕೆ ಎಷ್ಟು ಮೀಸಲು? ಮೇಲೇರುವ ಮೊದಲು ಇಂಧನವನ್ನು ಕಡ್ಡಿಯಿಂದ ಅಳೆದು ಸಹಿ ಹಾಕುವವರು ಯಾರು? ಕಾರ್ಬ್ಯುರೇಟರನ್ನು ಕೊನೆಯ ಬಾರಿ ಬಿಚ್ಚಿ ನೋಡಿದ್ದು ಯಾವಾಗ, ಅದರ ದಾಖಲೆ ತೋರಿಸುತ್ತೀರಾ? ಭುಜದ ಬೆಲ್ಟ್ ಸರಿಯಾಗಿ ಕೂತಿದೆಯೇ ಎಂದು ಕೈಯಿಂದ ಎಳೆದೇ ನೋಡಿ. ಉತ್ತರ ಕೊಡಲು ಹಿಂಜರಿಯುವ ಶಾಲೆಗೆ ಮಕ್ಕಳನ್ನು ಸೇರಿಸಬೇಡಿ.